ಎತ್ತರ ಬರೆಯದ ಎಕ್ಸ್‌ರೇ

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಗಂಗಾಪುರದಿಂದ ವೇರೂಳಕ್ಕೆ ದೊಡ್ಡ ದಾರಿಯೇನಿಲ್ಲ. ನಾವು ಎಲ್ಲೋರಾ ಎನ್ನುವುದನ್ನು ಅಲ್ಲಿನ ಜನ ವೇರೂಳ ಎನ್ನುತ್ತಾರೆ. ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ, ಅಲ್ಲಿಯ ಬಂಡೆಯನ್ನು ನೆತ್ತಿಯಿಂದ ಬುಡದವರೆಗೆ ಕಡೆದು ಕೈಲಾಸವನ್ನೇ ದಖ್ಖನಿಗೆ ಇಳಿಸಿಕೊಂಡರು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಶಿರಡಿ, ತ್ರ್ಯಂಬಕ, ಘೃಷ್ಣೇಶ್ವರ ಎಂದು ಹೊರಡುವ ಯಾತ್ರೆಯ ಬಸ್ಸುಗಳು ಆ ಕೈಲಾಸದ ಮುಂದೆಯೂ ನಿಲ್ಲುತ್ತವೆ. ಎಪ್ಪತ್ತು ದಾಟಿದ ಅಜ್ಜಿಯೂ ಸೊಸೆಯ ಕೈ ಹಿಡಿದು ಅದಕ್ಕೆ ಸುತ್ತು ಬರಬಹುದು. ಮಂಡಿ ನೋಯಬಹುದು, ಉಸಿರಿಗೆ ಮಾತ್ರ ತೊಂದರೆಯಿಲ್ಲ. ಆ ಸೀಮೆಯೆಲ್ಲ ಸಮುದ್ರಮಟ್ಟದಿಂದ ಐದಾರು ನೂರು ಮೀಟರಿನ ಆಸುಪಾಸಿನದು.

ಟಿಬೆಟಿನ ಕೈಲಾಸಕ್ಕೆ ಸುತ್ತು ಬರುವವರು 5,600 ಮೀಟರಿಗೂ ಮೇಲಿರುವ ಡೋಲ್ಮಾ ಘಾಟಿಯನ್ನು ದಾಟಬೇಕು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಅರ್ಧದಷ್ಟು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಹನ್ನೊಂದರ ಎತ್ತರ ಯಾರ ಉಸಿರನ್ನೂ ಕೆಡಿಸುವಂಥದ್ದಲ್ಲ. ಕೇದಾರ ಒಂದೇ 3,583 ಮೀಟರಿನಲ್ಲಿದೆ. ಕೇದಾರದ ರಾವಲರು ಕರ್ನಾಟಕ ಮೂಲದ ವೀರಶೈವ ಜಂಗಮ ಪರಂಪರೆಯವರು. ಆ ಗುಡಿಗೂ ನಮಗೂ ಹಳೆಯ ನಂಟು. ಹಿಂದೆ ಅಲ್ಲಿಗೆ ಹೋಗುವವರು ವಾರಗಟ್ಟಲೆ ನಡೆದು ಏರುತ್ತಿದ್ದರು, ಶ್ವಾಸಕೋಶಕ್ಕೆ ಹೊಂದಿಕೊಳ್ಳಲು ಹೊತ್ತು ಸಿಗುತ್ತಿತ್ತು. ಈಗ ಹರಿದ್ವಾರ ಬಿಟ್ಟು ಎರಡನೆಯ ದಿನಕ್ಕೇ ಗುಡಿಯ ಮುಂದೆ ನಿಲ್ಲಬಹುದು. ಹೆಲಿಕಾಪ್ಟರ್ ಹತ್ತಿದರೆ ಕೊನೆಯ ಎರಡು ಸಾವಿರ ಮೀಟರು ಕೆಲವೇ ನಿಮಿಷದ ಮಾತು. ಲೇಹ್‌ಗಂತೂ ದೆಹಲಿಯಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಇಳಿಯುವುದು 3,200 ಮೀಟರಿಗೂ ಮೇಲೆ.

ಹೀಗೆ ಅವಸರದಲ್ಲಿ ಏರಿದವರ ಶ್ವಾಸಕೋಶದಲ್ಲಿ ನೀರು ತುಂಬುವ ಒಂದು ಕಾಯಿಲೆಯಿದೆ. ನಮ್ಮ ದಕ್ಷಿಣದಲ್ಲಿ ಅದಕ್ಕೆ ನೆಲೆಯೇ ಇಲ್ಲ. ನಾಸಿಕದ ಕಡೆಯವರು ಹತ್ತುವ ಕಳಸೂಬಾಯಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, ಆದರೂ 1,646 ಮೀಟರು. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರವನ್ನು ಮುಟ್ಟುವುದಿಲ್ಲ. ಕೇರಳದ ಆನೈಮುಡಿ 2,695. ಎತ್ತರದ ಕಾರಣಕ್ಕೆ ಶ್ವಾಸಕೋಶದಲ್ಲಿ ನೀರು ತುಂಬುವುದು ಸಾಮಾನ್ಯವಾಗಿ 2,500 ಮೀಟರಿನ ಮೇಲೆ, ಅದರಲ್ಲೂ 3,000 ದಾಟಿದ ಮೇಲೆ. ಹಾಗಾಗಿ ಧಾರವಾಡದಲ್ಲೋ ನಾಸಿಕದಲ್ಲೋ ಕೆಲಸ ಮಾಡುವ ವೈದ್ಯರಿಗೆ ಇಡೀ ವೃತ್ತಿಜೀವನದಲ್ಲಿ ಇಂಥ ರೋಗಿ ಒಬ್ಬರೂ ಎದುರಾಗದಿರಬಹುದು. ಅದು ಅವರ ತಪ್ಪಲ್ಲ. ಆದರೆ ಈಗ ರೋಗಿಗಳು ಬೆಟ್ಟದಿಂದ ವಿಮಾನದಲ್ಲಿ ಬರುತ್ತಾರೆ, ಅವರ ಎದೆಯ ಎಕ್ಸ್‌ರೇ ಅವರಿಗಿಂತ ಮುಂಚೆ ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಆ ಚಿತ್ರದ ಮೂಲೆಯಲ್ಲಿ ಹೆಸರು, ವಯಸ್ಸು, ತಾರೀಖು ಇರುತ್ತವೆ. ಯಾವ ಎತ್ತರದಲ್ಲಿ ತೆಗೆದದ್ದು ಎಂದು ಇರುವುದಿಲ್ಲ. ಈ ಕಾಯಿಲೆಯ ಚಿತ್ರವನ್ನು ಎತ್ತರ ಗೊತ್ತಿಲ್ಲದೆ ಓದಲಾಗದು ಎಂಬ ಒಂದೇ ಸಂಗತಿಯನ್ನು ಹೇಳಲು ನಾನು ಇಷ್ಟು ದೂರದಿಂದ ಬರುತ್ತಿದ್ದೇನೆ.

ಕಾಯಿಲೆಗೆ ಇಂಗ್ಲಿಷಿನಲ್ಲಿ ಹೈ ಆಲ್ಟಿಟ್ಯೂಡ್ ಪಲ್ಮನರಿ ಈಡೀಮಾ ಎಂಬ ಉದ್ದನೆಯ ಹೆಸರಿದೆ. ಸೇನೆಯವರು ಅದನ್ನು ಹೇಪೋ ಎಂದು ಮೊಟಕು ಮಾಡಿಕೊಂಡಿದ್ದಾರೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದು ಲಡಾಖಿಗೆ ಹೋಗಿಬಂದ ಯಾವ ಯೋಧರನ್ನು ಕೇಳಿದರೂ ಈ ಪದ ಗೊತ್ತಿರುತ್ತದೆ. ನಾನೂ ಹಾಗೆಯೇ ಕರೆಯುತ್ತೇನೆ.

ಲೇಹ್‌ಗೆ ಇಳಿದ ಮೊದಲ ದಿನ ಬಹಳ ಮಂದಿಗೆ ತಲೆನೋವು, ಹಸಿವು ಸತ್ತಹಾಗೆ, ನಿದ್ದೆಗೇಡು. ಇದು ಸಾದಾ ಎತ್ತರದ ಬೇನೆ. ಅಲುಗಾಡದೆ ಮಲಗಿ, ನೀರು ಕುಡಿದು, ಮೇಲೆ ಹೋಗದೆ ಇದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹೇಪೋ ಹಾಗಲ್ಲ. ಅದು ಬರುವುದು ಹೆಚ್ಚಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಅದೂ ರಾತ್ರಿ ಹೊತ್ತಿನಲ್ಲಿ. ತಲೆನೋವು ಇಲ್ಲದೆಯೂ ಬರಬಹುದು. ಮೊದಲ ಗುರುತು ತೀರಾ ಚಿಕ್ಕದು: ನಿನ್ನೆ ಸಲೀಸಾಗಿ ಹತ್ತಿದ್ದ ಹೋಟೆಲಿನ ಮೆಟ್ಟಿಲು ಇವತ್ತು ಭಾರವಾಗುತ್ತದೆ. ಆಮೇಲೆ ಒಣಕೆಮ್ಮು, ಕೂತಲ್ಲೇ ಏದುಸಿರು, ಮಲಗಿದರೆ ಎದೆಯೊಳಗೆ ಗೊರಗೊರ. ತುಟಿ, ಉಗುರು ನೀಲಿಗೆ ತಿರುಗುತ್ತವೆ. ಕೊನೆಯ ಹಂತದಲ್ಲಿ ಕೆಮ್ಮಿದರೆ ನಸುಗೆಂಪು ನೊರೆ. ಇವೆಲ್ಲ ಒಂದೇ ರಾತ್ರಿಯಲ್ಲಿ ಮುಗಿದುಹೋಗಬಹುದು. ಇನ್ನೊಂದು ವಿಷಯ ಮನೆಯವರಿಗೆ ನಂಬಲು ಕಷ್ಟವಾಗುತ್ತದೆ. ದಿನಾ ಓಡುವ, ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗನಿಗೂ ಇದು ಬರುತ್ತದೆ. ದೇಹದ ಕಸುವು ಇದನ್ನು ತಡೆಯುವುದಿಲ್ಲ, ಕಸುವಿದ್ದವನು ಬೇಗ ಏರುತ್ತಾನೆ, ಹೆಚ್ಚು ದಣಿಯುತ್ತಾನೆ, ಅಷ್ಟೇ.

ಏಕೆ ಹೀಗಾಗುತ್ತದೆ ಎಂಬುದನ್ನು ವಿವರಿಸಲು ನನಗೆ ಇನ್ನೊಂದು ಗಂಗಾಪುರ ನೆನಪಾಗುತ್ತದೆ. ನಾಸಿಕದ ಪಕ್ಕದ ಈ ಗಂಗಾಪುರದಲ್ಲಿ ಗೋದಾವರಿಗೆ ಕಟ್ಟಿದ ಮಣ್ಣಿನ ಅಣೆಕಟ್ಟಿದೆ. ಮಳೆಗಾಲದಲ್ಲಿ ಅದರ ಬಾಗಿಲು ತೆರೆದರೆ ನಾಸಿಕದ ರಾಮಕುಂಡದ ದಂಡೆಯವರು ದುತೋಂಡ್ಯಾ ಮಾರುತಿಯ ವಿಗ್ರಹವನ್ನು ನೋಡುತ್ತಾರೆ. ನೀರು ಮಾರುತಿಯ ಮೊಣಕಾಲಿಗೆ ಬಂತೋ, ಸೊಂಟಕ್ಕೆ ಬಂತೋ, ಕತ್ತಿಗೆ ಬಂತೋ ಎಂಬುದೇ ಅವರಿಗೆ ನೆರೆಯ ಅಳತೆ. ಅಣೆಕಟ್ಟು ಗಟ್ಟಿಯಾಗಿಯೇ ಇರುತ್ತದೆ. ಮುಳುಗುವುದು ಯಾವ ದಂಡೆ ಎಂಬುದನ್ನು ತೀರ್ಮಾನಿಸುವುದು ಯಾವ ಬಾಗಿಲು ಎಷ್ಟು ತೆರೆದಿದೆ ಎಂಬುದು.

ಶ್ವಾಸಕೋಶದಲ್ಲೂ ಇಂಥ ತೂಬುಗಳಿವೆ. ರಕ್ತ ಹೊತ್ತು ತರುವ ಸಣ್ಣ ಸಣ್ಣ ನಾಳಗಳಿಗೆ ಒಂದು ಗುಣವುಂಟು: ತಾವು ಹೋಗುವ ಕಡೆ ಆಮ್ಲಜನಕ ಕಡಿಮೆಯಿದ್ದರೆ ಬಿಗಿದುಕೊಳ್ಳುತ್ತವೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಬಯಲಿನಲ್ಲಿ ಇದು ವರವೇ ಸರಿ. ಒಂದು ಮೂಲೆಯಲ್ಲಿ ನ್ಯುಮೋನಿಯಾ ಆಗಿ ಗಾಳಿ ಹೋಗದಿದ್ದರೆ ಆ ಮೂಲೆಯ ತೂಬು ಮುಚ್ಚಿಕೊಂಡು ರಕ್ತ ಗಾಳಿಯಿರುವ ಕಡೆ ಹರಿಯುತ್ತದೆ. ಆದರೆ 3,500 ಮೀಟರಿನಲ್ಲಿ ಇಡೀ ಶ್ವಾಸಕೋಶಕ್ಕೇ ಆಮ್ಲಜನಕದ ಬರ. ಎಲ್ಲ ತೂಬುಗಳೂ ಒಟ್ಟಿಗೆ ಬಿಗಿಯುತ್ತವೆ, ಹೃದಯದ ಬಲಭಾಗ ಅದೇ ರಕ್ತವನ್ನು ಹೆಚ್ಚು ಒತ್ತಡದಲ್ಲಿ ತಳ್ಳಬೇಕಾಗುತ್ತದೆ. ಹೇಪೋ ಬರುವ ಜನರಲ್ಲಿ ಈ ಬಿಗಿತ ಜಾಸ್ತಿ, ಜತೆಗೆ ಅದು ಎಲ್ಲ ಕಡೆ ಸಮನಾಗಿಲ್ಲ. ಎಲ್ಲಿ ತೂಬು ಪೂರ್ತಿ ಮುಚ್ಚಿಲ್ಲವೋ ಅಲ್ಲಿಗೆ ರಕ್ತವೆಲ್ಲ ನುಗ್ಗುತ್ತದೆ. ಕೂದಲಿಗಿಂತ ತೆಳುವಾದ ಲೋಮನಾಳಗಳ ಬದು ಒಡೆದು ರಕ್ತದ ನೀರು, ಪ್ರೋಟೀನು, ಕೆಲವು ಕೆಂಪು ಕಣಗಳು ಗಾಳಿಗೂಡುಗಳೊಳಗೆ ಸೇರುತ್ತವೆ. ಆ ನಸುಗೆಂಪು ನೊರೆ ಬರುವುದು ಹಾಗೆ. ಕ್ಯಾಲಿಫೋರ್ನಿಯಾದ ಸೂಸನ್ ಹಾಪ್ಕಿನ್ಸ್ ತಂಡ ಎಂಆರ್‌ಐ ಮೂಲಕ, ಹಿಂದೆ ಹೇಪೋ ಬಂದಿದ್ದವರ ಶ್ವಾಸಕೋಶದಲ್ಲಿ ರಕ್ತದ ಹರಿವು ಆಮ್ಲಜನಕ ತಗ್ಗಿಸಿದಾಗ ಹೆಚ್ಚು ಏರುಪೇರಾಗುವುದನ್ನು ಚಿತ್ರಗಳಲ್ಲೇ ಕಂಡಿತು.

ಇಲ್ಲಿ ಒಂದು ಮಾತು. ನಮ್ಮ ಕಡೆ ಎದೆಯಲ್ಲಿ ನೀರು ಎಂದರೆ ಕ್ಷಯದವರಿಗೆ ಸೂಜಿ ಹಾಕಿ ತೆಗೆಯುವ ನೀರು ಎಂದೇ ಜನ ತಿಳಿಯುತ್ತಾರೆ. ಆ ನೀರು ಶ್ವಾಸಕೋಶದ ಹೊರಗೆ, ಎರಡು ಪೊರೆಗಳ ನಡುವೆ ನಿಲ್ಲುತ್ತದೆ. ಹೇಪೋದ ನೀರು ಗಾಳಿಗೂಡುಗಳ ಒಳಗಿನದು. ಸೂಜಿಯಿಂದ ಅದನ್ನು ತೆಗೆಯುವಂತಿಲ್ಲ. ಒತ್ತಡ ಇಳಿಸಿದರೆ ದೇಹವೇ ಹೀರಿಕೊಳ್ಳುತ್ತದೆ.

ಈಗ ಎಕ್ಸ್‌ರೇಗೆ ಬರೋಣ. ಫಿಲ್ಮಿನಲ್ಲಿ ಗಾಳಿ ಕಪ್ಪು, ಮೂಳೆ ಬಿಳಿ, ನೀರೂ ರಕ್ತವೂ ಬಿಳಿಯ ಕಡೆಗೇ. ಆರೋಗ್ಯವಂತರ ಶ್ವಾಸಕೋಶ ಎರಡು ಕಪ್ಪು ಹಲಗೆಯ ಹಾಗೆ ಕಾಣುತ್ತದೆ. ಹೇಪೋ ಆದವರ ಫಿಲ್ಮಿನಲ್ಲಿ ಆ ಕಪ್ಪಿನ ಮೇಲೆ ಹಿಂಜಿದ ಹತ್ತಿಯನ್ನು ಅಲ್ಲೊಂದು ಇಲ್ಲೊಂದು ಅಂಟಿಸಿದ ಹಾಗೆ ಬಿಳಿ ಮಚ್ಚೆಗಳು ಏಳುತ್ತವೆ. ಎರಡೂ ಕಡೆ ಒಂದೇ ತೆರನಾಗಿರುವುದಿಲ್ಲ. ಬಹಳ ಸಲ ಬಲ ಶ್ವಾಸಕೋಶದ ನಡುಭಾಗದಲ್ಲಿ ಮೊದಲು, ಅದೂ ಒಳಗಿನ ಬೇರಿನ ಹತ್ತಿರಕ್ಕಿಂತ ಹೊರ ಅಂಚಿನ ಕಡೆಗೆ. ಮಚ್ಚೆಗಳ ನಡುವೆ ಚೊಕ್ಕಟ ಕಪ್ಪು ಜಾಗಗಳು ಉಳಿದಿರುತ್ತವೆ. ಕಾಯಿಲೆ ಏರಿದಂತೆ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಕೆಳಭಾಗವೆಲ್ಲ ಬಿಳಿಚಿಕೊಳ್ಳುತ್ತದೆ. ತೂಬಿನ ಮಾತನ್ನು ಜ್ಞಾಪಿಸಿಕೊಂಡರೆ ಈ ಚಿತ್ರ ತಾನಾಗಿ ಅರ್ಥವಾಗುತ್ತದೆ: ಮಚ್ಚೆಯಿರುವುದು ತೂಬು ಸಡಿಲವಿದ್ದ ಗದ್ದೆ, ಕಪ್ಪಿರುವುದು ತೂಬು ಬಿಗಿದಿದ್ದ ಗದ್ದೆ.

ಇದಕ್ಕೆ ಸಾಕ್ಷಿಯಂತೆ ಒಂದು ವರದಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತದೆ. ಪೀಟರ್ ಹ್ಯಾಕೆಟ್ ಮತ್ತು ಜತೆಗಾರರು 1980ರಲ್ಲಿ ನಾಲ್ವರ ಬಗ್ಗೆ ಬರೆದರು. ಹುಟ್ಟಿನಿಂದಲೇ ಆ ನಾಲ್ವರಿಗೆ ಬಲ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳ ಇರಲಿಲ್ಲ. ಎಲ್ಲ ರಕ್ತವೂ ಎಡಗಡೆಗೇ ಹರಿಯಬೇಕು. ಅಷ್ಟೇನೂ ಎತ್ತರವಲ್ಲದ ಬೆಟ್ಟಗಳಲ್ಲೇ ಅವರಿಗೆ ಹೇಪೋ ಆಯಿತು, ಫಿಲ್ಮಿನಲ್ಲಿ ಬಿಳಿಚಿಕೊಂಡದ್ದು ಎಡ ಶ್ವಾಸಕೋಶವೊಂದೇ. ಬಲಗಡೆ ಕಪ್ಪಾಗಿ ಉಳಿದಿತ್ತು. ಹೆಚ್ಚು ರಕ್ತ ನುಗ್ಗಿದಲ್ಲಿ ಬದು ಒಡೆಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರ ಬೇರೆ ಬೇಕಿಲ್ಲ.

ಎಕ್ಸ್‌ರೇ ಓದುವವರ ಕಣ್ಣು ಮಚ್ಚೆಯ ಮೇಲೆ ನಿಂತುಬಿಟ್ಟರೆ ಅರ್ಧ ಕೆಲಸ. ಹೃದಯವನ್ನೂ ನೋಡಬೇಕು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರ ಫಿಲ್ಮಿನಲ್ಲಿ ಹೃದಯದ ನೆರಳು ಹಿಗ್ಗಿ ಎದೆಯ ಅಗಲದ ಅರ್ಧಕ್ಕಿಂತ ಹೆಚ್ಚಾಗಿರುತ್ತದೆ. ಬಿಳುಪು ಎರಡೂ ಕಡೆ ನಡುವಿನಿಂದ ಚಿಟ್ಟೆಯ ರೆಕ್ಕೆಯಂತೆ ಹರಡಿರುತ್ತದೆ. ಹೇಪೋದಲ್ಲಿ ಹೃದಯದ ಗಾತ್ರ ಸರಿಯಾಗಿಯೇ ಇರುತ್ತದೆ. ಅದರ ಎಡ ಅಂಚಿನ ಮೇಲ್ಭಾಗದಲ್ಲಿ, ಶ್ವಾಸಕೋಶಕ್ಕೆ ಹೋಗುವ ಮುಖ್ಯ ನಾಳದ ಜಾಗದಲ್ಲಿ, ಒಂದು ಉಬ್ಬು ಕಾಣಬಹುದು. ಪಂಪು ಕೆಟ್ಟಿಲ್ಲ, ಪೈಪಿನೊಳಗೆ ಒತ್ತಡ ಏರಿದೆ ಎಂದು ಆ ಉಬ್ಬು ಹೇಳುತ್ತದೆ.

ಈ ವ್ಯತ್ಯಾಸ ತಿಳಿಯಲು ವೈದ್ಯಕೀಯಕ್ಕೆ ಬಹಳ ವರ್ಷ ಬೇಕಾಯಿತು. 1891ರಲ್ಲಿ ಮೋ ಬ್ಲಾಂಕ್ ಪರ್ವತದ ವಾಲೊ ಗುಡಿಸಿಲಿನಲ್ಲಿ ಝಾಕೊಟೆ ಎಂಬ ತರುಣ ವೈದ್ಯ ಮೇಲುಸಿರು ಬಿಡುತ್ತ ತೀರಿಕೊಂಡ. ಇಳಿಯೋಣ ಎಂದವರಿಗೆ ಅವನು ಒಪ್ಪಿರಲಿಲ್ಲ. ಎತ್ತರ ದೇಹಕ್ಕೆ ಏನು ಮಾಡುತ್ತದೆ ಎಂದು ತನ್ನ ಮೇಲೆಯೇ ಗಮನಿಸಬೇಕೆಂಬ ಆಸೆ ಅವನಿಗಿತ್ತು. ಶವಪರೀಕ್ಷೆಯಲ್ಲಿ ಶ್ವಾಸಕೋಶದಲ್ಲಿ ನೀರು ಕಂಡಿತು. ರಾಂಟ್‌ಗೆನ್ ಎಕ್ಸ್‌ಕಿರಣವನ್ನು ಕಂಡುಹಿಡಿಯಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು. ಆಮೇಲೂ ಎಷ್ಟೋ ದಶಕ ಬೆಟ್ಟದ ಮೇಲೆ ಸತ್ತವರ ಕಾರಣದ ಜಾಗದಲ್ಲಿ ನ್ಯುಮೋನಿಯಾ ಎಂದೇ ಬರೆಯುತ್ತಿದ್ದರು. ಪೆರು ದೇಶದ ವೈದ್ಯರು ಸ್ಪ್ಯಾನಿಷ್ ಭಾಷೆಯಲ್ಲಿ ಸರಿಯಾಗಿ ಬರೆದಿದ್ದನ್ನು ಹೊರಜಗತ್ತು ಓದಲಿಲ್ಲ. ಅಮೆರಿಕದ ಚಾರ್ಲ್ಸ್ ಹ್ಯೂಸ್ಟನ್ 1960ರಲ್ಲಿ ಕೊಲರಾಡೊ ಬೆಟ್ಟದಲ್ಲಿ ಕಾಯಿಲೆಬಿದ್ದ ಒಬ್ಬ ಗಟ್ಟಿಮುಟ್ಟು ತರುಣನ ಬಗ್ಗೆ ಬರೆದ ಮೇಲೆ ಜಗತ್ತಿನ ಕಣ್ಣು ತೆರೆಯಿತು. ನೀರು ತುಂಬಿದೆ, ಆದರೆ ಹೃದಯ ಚೆನ್ನಾಗಿದೆ ಎಂಬುದೇ ಅವರ ಬರಹದ ತಿರುಳು. ಹ್ಯೂಸ್ಟನ್ ಸ್ವತಃ ಕೆ2 ಶಿಖರಕ್ಕೆ ಎರಡು ಸಲ ತಂಡ ಕಟ್ಟಿಕೊಂಡು ಹೋದ ಪರ್ವತಾರೋಹಿ.

ಉಳಿದ ಪಾಠವನ್ನು ಬರೆದವರು ನಮ್ಮವರು. 1962ರ ಚೀನಾ ಯುದ್ಧದಲ್ಲಿ ಬಯಲಿನ ಯೋಧರನ್ನು ಹೊಂದಿಕೊಳ್ಳಲು ಬಿಡದೆ ಹಿಮಾಲಯದ ನೆತ್ತಿಗೆ ಸಾಗಿಸಬೇಕಾಯಿತು. ಗುಂಡು ತಗಲದೆಯೇ ಎಷ್ಟೋ ಜನ ಉಸಿರುಗಟ್ಟಿ ಬಿದ್ದರು. ಸೇನಾ ವೈದ್ಯ ಮೆನನ್ 1965ರಲ್ಲಿ ಹೇಪೋ ಆದ 101 ಜನರ ವಿವರಗಳನ್ನು ಪ್ರಕಟಿಸಿದರು. ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ 1,925 ಯೋಧರ ಎತ್ತರದ ಬೇನೆಯನ್ನು ದಾಖಲಿಸಿದರು. ಜಗತ್ತಿನಲ್ಲಿ ಎತ್ತರದ ಕಾಯಿಲೆಯ ಪುಸ್ತಕ ಬರೆಯುವ ಯಾರೂ ಇಂದಿಗೂ ಈ ಬರಹಗಳನ್ನು ದಾಟಿ ಹೋಗುವಂತಿಲ್ಲ. ನಮ್ಮ ಶಾಲೆಯ ಪಾಠಗಳಲ್ಲಿ ಆ ಯುದ್ಧದ ಸೋಲನ್ನು ಹೇಳುತ್ತೇವೆ, ಅದರ ಹಿಂದೆಯೇ ಹುಟ್ಟಿದ ಈ ವಿದ್ಯೆಯನ್ನು ಹೇಳುವುದಿಲ್ಲ. ಹೇಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಇಂದು ಸೇನೆ 9,000 ಅಡಿಯ ಮೇಲೆ ಹೋಗುವ ಯೋಧರನ್ನು ಮೊದಲ ಹಂತದಲ್ಲಿ ಆರು ದಿನ, 12,000 ಅಡಿ ದಾಟಿದ ಮೇಲೆ ನಾಲ್ಕು ದಿನ, 15,000 ದಾಟಿದ ಮೇಲೆ ಮತ್ತೆ ನಾಲ್ಕು ದಿನ ನಿಲ್ಲಿಸಿಯೇ ಮುಂದೆ ಕಳಿಸುತ್ತದೆ.

ಎಕ್ಸ್‌ರೇ ಯಂತ್ರವನ್ನೇ ಬೆಟ್ಟಕ್ಕೆ ಒಯ್ದವರೂ ಇದ್ದಾರೆ. ಇಟಲಿಯ ಮೊಂಟೆ ರೋಸಾದಲ್ಲಿ 4,559 ಮೀಟರಿನಲ್ಲಿ ಮಾರ್ಗರಿಟಾ ಎಂಬ ಗುಡಿಸಿಲಿದೆ. ಸ್ವಿಸ್ ವೈದ್ಯರಾದ ಪೀಟರ್ ಫೋಕ್, ಪೀಟರ್ ಬೆರ್ಚ್ ಮತ್ತು ಸಂಗಡಿಗರು ಅಲ್ಲಿ ಏರಿಬಂದವರ ಎದೆಯ ಚಿತ್ರ ತೆಗೆದು 1989ರಲ್ಲಿ ಪ್ರಕಟಿಸಿದರು. ಸ್ಟೆತೊಸ್ಕೋಪಿಗೆ ಕೇಳಿದ್ದು ಮತ್ತು ಫಿಲ್ಮಿನಲ್ಲಿ ಕಂಡದ್ದು ಯಾವಾಗಲೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಇಂಥ ಕೆಲಸದಿಂದ ತಿಳಿಯಿತು. ಅದೇ ಗುಡಿಸಿಲಿನಲ್ಲಿ ಸ್ವೆನ್ಸನ್, ಮಜ್ಜೊರಿನಿ ತಂಡ ಶ್ವಾಸಕೋಶದೊಳಗೆ ನಳಿಕೆ ಇಳಿಸಿ ಅಲ್ಲಿಯ ನೀರನ್ನೇ ತೆಗೆದು ಪರೀಕ್ಷಿಸಿ 2002ರಲ್ಲಿ ಬರೆಯಿತು: ಆರಂಭದ ಹಂತದಲ್ಲಿ ಆ ನೀರಿನಲ್ಲಿ ಸೋಂಕಿನ, ಉರಿಯೂತದ ಗುರುತಿಲ್ಲ, ಇದು ಬರೀ ಒತ್ತಡಕ್ಕೆ ಒಡೆದ ಬದು.

ಇಷ್ಟಾದರೂ ಊರಿನ ಆಸ್ಪತ್ರೆಯಲ್ಲಿ ಈ ಫಿಲ್ಮು ಎರಡು ದಾರಿಯಲ್ಲಿ ತಪ್ಪಿಹೋಗುತ್ತದೆ. ಒಂದು ನ್ಯುಮೋನಿಯಾದ ದಾರಿ. ಹೇಪೋದಲ್ಲೂ ಸಣ್ಣ ಜ್ವರ ಬರುತ್ತದೆ, ಬಿಳಿ ರಕ್ತಕಣ ತುಸು ಏರುತ್ತದೆ, ಕೆಮ್ಮಿದೆ, ಮಚ್ಚೆಯಿದೆ. ಆಂಟಿಬಯಾಟಿಕ್ ಶುರುವಾಗುತ್ತದೆ. ಎರಡು ದಿನದಲ್ಲಿ ರೋಗಿ ಎದ್ದು ಕೂತರೆ ಔಷಧದ ಮಹಿಮೆ ಎಂದುಕೊಳ್ಳುತ್ತಾರೆ. ನಿಜವಾಗಿ ಅವನನ್ನು ಗುಣಮಾಡಿದ್ದು ವಿಮಾನ, ಏಕೆಂದರೆ ಅದು ಅವನನ್ನು ಕೆಳಗೆ ತಂದಿತು. ಇಲ್ಲಿ ಎರಡನೆಯ ಎಕ್ಸ್‌ರೇ ದೊಡ್ಡ ಸಾಕ್ಷಿ. ಹೇಪೋದ ಮಚ್ಚೆ ರೋಗಿ ಕೆಳಗೆ ಇಳಿದ ಮೇಲೆ ಅಥವಾ ಆಮ್ಲಜನಕ ಕೊಟ್ಟ ಮೇಲೆ ಒಂದೆರಡು ದಿನದಲ್ಲಿ ಕರಗತೊಡಗಿ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ನ್ಯುಮೋನಿಯಾದ ಮಚ್ಚೆ ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಇನ್ನೊಂದು ಹೃದಯದ ದಾರಿ: ನೀರು ಇಳಿಸುವ ಇಂಜೆಕ್ಷನ್ ಕೊಡುತ್ತಾರೆ. ಹಿಂದೆ ಹೇಪೋಗೂ ಅದನ್ನು ಕೊಡುತ್ತಿದ್ದರು, ಈಗ ಬೇಡ ಎನ್ನುತ್ತಾರೆ. ಎತ್ತರದಲ್ಲಿ ಮೊದಲೇ ಒಣಗಿದ ದೇಹದಿಂದ ಇನ್ನಷ್ಟು ನೀರು ತೆಗೆದರೆ ರಕ್ತದೊತ್ತಡ ಕುಸಿದೀತು.

ಕೊರೊನಾ ಕಾಲದಲ್ಲಿ ಇದೇ ಗೊಂದಲ ತಿರುವುಮುರುವಾಗಿ ಬಂತು. ಸಿಟಿ ಸ್ಕೋರ್ ಎಷ್ಟು ಎಂದು ಮನೆಮನೆಯಲ್ಲೂ ಕೇಳುತ್ತಿದ್ದ ದಿನಗಳವು. ಸ್ಕ್ಯಾನಿನಲ್ಲಿ ಎರಡೂ ಕಡೆ ಅಂಚಿನಲ್ಲಿ ಮಬ್ಬು ಗಾಜಿನಂಥ ಮಚ್ಚೆ, ಆಮ್ಲಜನಕ ತೀರಾ ಕಡಿಮೆ, ಆದರೂ ರೋಗಿ ಮಾತಾಡುತ್ತಿದ್ದಾನೆ. ಇದು ಹೇಪೋದಂತೆಯೇ ಇದೆ, ಹೇಪೋದ ಔಷಧವನ್ನೇ ಕೊಡಿ ಎಂದು 2020ರಲ್ಲಿ ಕೆಲವರು ಎದ್ದರು. ಎತ್ತರದ ವೈದ್ಯಕೀಯದಲ್ಲಿ ಪಳಗಿದ ಲಕ್ಸ್, ಫ್ರೀರ್, ಸ್ವೆನ್ಸನ್ ಮೊದಲಾದವರು ಕೂಡಲೇ ತಡೆದರು. ಹೇಪೋದಲ್ಲಿ ಆಮ್ಲಜನಕದ ಕೊರತೆಯೇ ಕಾರಣ, ನೀರು ಅದರ ಫಲ. ಕೊರೊನಾದಲ್ಲಿ ಸೋಂಕು ಕಾರಣ, ಆಮ್ಲಜನಕದ ಕೊರತೆ ಅದರ ಫಲ. ಚಿತ್ರ ಒಂದೇ ಥರ ಕಂಡರೂ ಕಥೆ ಹಿಂದುಮುಂದು. ಹೇಪೋಗೆ ಕೊಡುವ ನಾಳ ಸಡಿಲಿಸುವ ಮಾತ್ರೆಯನ್ನು ಕೊರೊನಾದವರಿಗೆ ಕೊಟ್ಟರೆ, ಕೆಟ್ಟ ಭಾಗಕ್ಕೆ ರಕ್ತ ಹೋಗದಂತೆ ದೇಹ ಮುಚ್ಚಿಕೊಂಡಿದ್ದ ತೂಬೂ ತೆರೆದು ಆಮ್ಲಜನಕ ಇನ್ನೂ ಇಳಿದೀತು.

ಹೃದಯ ಹಿಗ್ಗಿದ ಚಿತ್ರವೂ ಎತ್ತರದಲ್ಲಿ ಇಲ್ಲವೆಂದಲ್ಲ. ಅದನ್ನು ನೋಡಲು ಸಿಯಾಚಿನ್‌ನಂಥ ಎತ್ತರಕ್ಕೆ ಹೋಗಬೇಕು. ಆ ಹೆಸರು ಬಂದಾಗ ಕನ್ನಡಿಗರಿಗೆ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ನೆನಪಾಗದೆ ಇರದು. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಹಾಸನದ, ಮೈಸೂರಿನ ಕಡೆಯವರೂ ಅವರಲ್ಲಿದ್ದರು. ದಿನಗಳು ಕಳೆದ ಮೇಲೆ ಹನುಮಂತಪ್ಪ ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯ ಪ್ರಕಟಣೆಗಳಲ್ಲಿ ನ್ಯುಮೋನಿಯಾ, ಸಿಟಿ ಸ್ಕ್ಯಾನ್ ಎಂಬ ಮಾತುಗಳನ್ನು ಇಡೀ ನಾಡು ಉಸಿರು ಬಿಗಿಹಿಡಿದು ಕೇಳಿತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಅದು ಹೇಪೋ ಅಲ್ಲ, ಹಿಮದಡಿಯ ಯಾತನೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಕರ್ನಾಟಕದ ತಂಡದ ಒಂಬತ್ತು ಮಂದಿಯನ್ನು ಕಳೆದುಕೊಂಡದ್ದೂ ಹಿಮಗಾಳಿಗೆ ಸಿಕ್ಕಿ. ಬೆಟ್ಟದ ಪ್ರತಿ ಸಾವಿಗೂ ಎತ್ತರದ ಬೇನೆ ಎಂಬ ಒಂದೇ ಚೀಟಿ ಅಂಟಿಸಬಾರದು.

ಆದರೆ ಹನುಮಂತಪ್ಪನವರು ಕಾವಲಿದ್ದಂಥ ಎತ್ತರದಲ್ಲಿ ವಾರ, ತಿಂಗಳು ಕಳೆಯುವ ಯೋಧರಿಗೆ ಬೇರೊಂದು ತೊಂದರೆ ಬರುತ್ತದೆ. ಚಂಡೀಗಢದ ಇಂದರ್ ಆನಂದ್ ಮತ್ತು ಸಂಗಡಿಗರು 1990ರಲ್ಲಿ 5,800ರಿಂದ 6,700 ಮೀಟರ್ ಎತ್ತರದಲ್ಲಿ ಇದ್ದ 21 ಯೋಧರ ಬಗ್ಗೆ ಬರೆದರು. ಕಾಲು, ಹೊಟ್ಟೆ ಊದಿಕೊಂಡಿತ್ತು, ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿತ್ತು. ತಿಂಗಳುಗಟ್ಟಲೆ ಏರಿದ ಒತ್ತಡಕ್ಕೆ ಎದುರಾಗಿ ತಳ್ಳಿ ತಳ್ಳಿ ಬಲ ಹೃದಯ ಹಿಗ್ಗಿತ್ತು. ಕೆಳಗೆ ಬಂದ ಮೇಲೆ ಅವರು ಚೇತರಿಸಿಕೊಂಡರು. ಎರಡನೆಯ ರಾತ್ರಿಯ ಫಿಲ್ಮಿನಲ್ಲಿ ಹೃದಯ ಎಂದಿನ ಗಾತ್ರದ್ದು, ಮೂರನೆಯ ತಿಂಗಳ ಫಿಲ್ಮಿನಲ್ಲಿ ದೊಡ್ಡದು. ಎರಡೂ ಎತ್ತರದ ಕೆಲಸವೇ. ಇನ್ನು ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದೂ ಎತ್ತರದಲ್ಲಿ ಉಂಟು. ಹೇಪೋ ಎಂದುಕೊಂಡ ರೋಗಿ ಇಳಿದ ಮೇಲೂ ಸುಧಾರಿಸದಿದ್ದರೆ, ಎದೆ ಒಂದು ಕಡೆ ಚುಚ್ಚುತ್ತಿದ್ದರೆ, ಆಗ ಬಣ್ಣದ ಔಷಧ ಕೊಟ್ಟು ತೆಗೆಯುವ ಸಿಟಿ ಸ್ಕ್ಯಾನ್ ಬೇಕೇ ಬೇಕು.

ಎಕ್ಸ್‌ರೇ ಯಂತ್ರವೇ ಇಲ್ಲದ ಕಡೆ ಏನು ಮಾಡುವುದು? ನೇಪಾಳದ ಫೆರಿಚೆಯಲ್ಲಿ 4,200 ಮೀಟರಿಗೂ ಮೇಲಿರುವ ಚಿಕಿತ್ಸಾಲಯದಲ್ಲಿ ಫೇಗನ್‌ಹೋಲ್ಜ್ ಮತ್ತು ಸಂಗಡಿಗರು ಬಸುರಿಯರ ಹೊಟ್ಟೆಗೆ ಇಡುವಂಥದೇ ಅಲ್ಟ್ರಾಸೌಂಡ್ ಕಡ್ಡಿಯನ್ನು ರೋಗಿಗಳ ಎದೆಗೆ ಇಟ್ಟು ನೋಡಿ 2007ರಲ್ಲಿ ಬರೆದರು. ನೀರಿರುವ ಶ್ವಾಸಕೋಶದಿಂದ ಪರದೆಯ ಮೇಲೆ ಧೂಮಕೇತುವಿನ ಬಾಲದಂಥ ಬಿಳಿ ಗೆರೆಗಳು ಕೆಳಗಿಳಿಯುತ್ತವೆ. ಗೆರೆ ಹೆಚ್ಚಿದಷ್ಟೂ ಆಮ್ಲಜನಕ ಕಡಿಮೆ. ಗುಣವಾದಂತೆ ಗೆರೆ ಕರಗುತ್ತವೆ. ಅಂಗೈಯಲ್ಲಿ ಹಿಡಿಯುವ ಯಂತ್ರ, ಬ್ಯಾಟರಿ ಸಾಕು, ಕಿರಣದ ಭಯವಿಲ್ಲ. ಕೇದಾರದ ದಾರಿಯ, ಅಮರನಾಥದ ದಾರಿಯ ಪ್ರತಿ ಚಿಕಿತ್ಸಾ ಡೇರೆಯಲ್ಲೂ ಇದು ಇರಬೇಕು ಎಂಬುದು ನನ್ನ ಆಸೆ. ಆದರೆ ಇದಕ್ಕೂ ಎಕ್ಸ್‌ರೇಯದೇ ಮಿತಿ, ಚಿತ್ರವೊಂದೇ ಸಾಲದು. ಏನೂ ತೊಂದರೆಯಿಲ್ಲದೆ ಬೆಟ್ಟ ಹತ್ತುತ್ತಿರುವ ಎಷ್ಟೋ ಜನರ ಎದೆಯಲ್ಲೂ ಈ ಗೆರೆಗಳು ಕಂಡಿವೆ. ಗೆರೆ ಕಂಡವರೆಲ್ಲ ರೋಗಿಗಳಲ್ಲ. ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುವವನ ಎದೆಯಲ್ಲಿ ಗೆರೆ ಕಂಡರೆ ಅದು ಬೇರೆ ಮಾತು.

ಚಿತ್ರ ಎಷ್ಟೇ ಚೆನ್ನಾಗಿರಲಿ, ಚಿತ್ರಕ್ಕಾಗಿ ಕಾಯುವುದು ಬೇಡ. ಆಸ್ಪತ್ರೆ ದೂರವಿದ್ದರೆ ರಾತ್ರಿಯೋ ಹಗಲೋ ಎಂದು ನೋಡದೆ ರೋಗಿಯನ್ನು ಕನಿಷ್ಠ ಸಾವಿರ ಮೀಟರು ಇಳಿಸಬೇಕು, ಅದೂ ಅವನನ್ನು ನಡೆಸದೆ; ಡೋಲಿಯೋ, ಕುದುರೆಯೋ, ವಾಹನವೋ. ಬೆಚ್ಚಗಿಡಬೇಕು, ಆಮ್ಲಜನಕ ಸಿಕ್ಕರೆ ಕೊಡಬೇಕು. ಇಳಿಸಲಾಗದಿದ್ದರೆ ಸೇನೆಯವರು ಬಳಸುವ ಹೇಪೋ ಚೀಲವಿದೆ: ರೋಗಿಯನ್ನು ಒಳಗೆ ಮಲಗಿಸಿ ಗಾಳಿ ತುಂಬಿದರೆ ಚೀಲದೊಳಗೆ ಒತ್ತಡ ಏರಿ ಎತ್ತರ ಇಳಿದಷ್ಟೇ ಆಗುತ್ತದೆ. ನಾಳದ ಬಿಗಿತ ಸಡಿಲಿಸುವ ನಿಫೆಡಿಪಿನ್ ಮಾತ್ರೆ ಹೇಪೋಗೆ ಕೆಲಸ ಮಾಡುತ್ತದೆ ಎಂದು ಓಸ್ವಾಲ್ಡ್ ಓಲ್ಜ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಅದು ವೈದ್ಯರ ಕೈಯಿಂದಲೇ ಬರಬೇಕಾದ ಮಾತ್ರೆ.

ಹೊರಡುವ ಮುಂಚೆ ತೆಗೆಸುವ ಎಕ್ಸ್‌ರೇ ಬಗ್ಗೆ ಬಹಳ ಜನರಿಗೆ ತಪ್ಪು ನಂಬಿಕೆಯಿದೆ. ಕೈಲಾಸ ಮಾನಸಸರೋವರಕ್ಕೆ ಸರ್ಕಾರದ ಮೂಲಕ ಹೋಗುವವರಿಗೆ ದೆಹಲಿಯಲ್ಲಿ ಎದೆಯ ಎಕ್ಸ್‌ರೇ ಸಹಿತ ಪರೀಕ್ಷೆಗಳಿವೆ, ಮೇಲೆ ಹೋದ ಮೇಲೆ ಇನ್ನೊಮ್ಮೆ ತಪಾಸಣೆಯಿದೆ. ಹಳೆಯ ಕ್ಷಯ, ಹಿಗ್ಗಿದ ಹೃದಯ, ಕೆಟ್ಟ ಶ್ವಾಸಕೋಶ ಇದ್ದವರನ್ನು ಹಿಂದಕ್ಕೆ ಕಳಿಸಲು ಅದು ಬೇಕೇ ಬೇಕು. ಆದರೆ ಚೊಕ್ಕಟವಾದ ಫಿಲ್ಮು ಕೈಗೆ ಬಂದಾಕ್ಷಣ ನನಗೆ ಹೇಪೋ ಬರುವುದಿಲ್ಲ ಎಂದುಕೊಳ್ಳುವಂತಿಲ್ಲ. ಬಯಲಿನಲ್ಲಿ ಎಲ್ಲ ತೂಬುಗಳೂ ತೆರೆದೇ ಇರುತ್ತವೆ, ಯಾವುದು ಹೇಗೆ ಬಿಗಿಯುತ್ತದೆ ಎಂದು ಆ ಚಿತ್ರಕ್ಕೆ ಗೊತ್ತಿರುವುದಿಲ್ಲ. ಕಾಯುವುದು ನಿಧಾನವೊಂದೇ. ಬೆರ್ಚ್ ಅವರ ಲೆಕ್ಕದಂತೆ 4,500 ಮೀಟರಿಗೆ ನಾಲ್ಕು ದಿನವೋ ಇನ್ನೂ ನಿಧಾನವಾಗಿಯೋ ಏರಿದರೆ ಹೇಪೋ ಬರುವುದು ಸಾವಿರಕ್ಕೆ ಇಬ್ಬರಿಗೆ. ಒಂದೆರಡೇ ದಿನದಲ್ಲಿ ಏರಿದರೆ ನೂರಕ್ಕೆ ಆರು ಜನರಿಗೆ. 3,000 ಮೀಟರು ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸದೆ, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ತಂಗಿದರೆ ಸಾಕು. ಟೂರಿನವರು ಕೊಡುವ ವೇಳಾಪಟ್ಟಿಯಲ್ಲಿ ಊಟದ ಪಟ್ಟಿಗಿಂತ ಮೊದಲು ಇದನ್ನು ನೋಡಿ.

ಇಳಿದು ಬಂದ ಮೇಲೂ ಕೆಮ್ಮು, ದಮ್ಮು ಉಳಿದು ಊರಿನ ವೈದ್ಯರಲ್ಲಿಗೆ ಹೋಗುವವರು ಮೇಲೆ ತೆಗೆಸಿದ ಎಕ್ಸ್‌ರೇಯನ್ನು ಕವರಿನ ಸಮೇತ ಒಯ್ಯಲಿ. ಕವರಿನ ಮೇಲೆ ಪೆನ್ನಿನಲ್ಲಿ ಬರೆದಿರಲಿ: ಎಷ್ಟು ಮೀಟರ್ ಎತ್ತರದಲ್ಲಿದ್ದೆ, ಏರಿ ಎಷ್ಟನೆಯ ರಾತ್ರಿಗೆ ಉಸಿರು ಕಟ್ಟಿತು, ಇಳಿದು ಎಷ್ಟು ಗಂಟೆಯ ಮೇಲೆ ಈ ಫಿಲ್ಮು ತೆಗೆದದ್ದು. ಡಾಕ್ಟರೂ ಕೇಳಲಿ. ಜ್ವರ ಎಷ್ಟು ದಿನದಿಂದ ಎಂದು ಕೇಳುವಷ್ಟೇ ಸಹಜವಾಗಿ, ಎಲ್ಲಿಗಾದರೂ ಹೋಗಿದ್ದಿರಾ ಯಜಮಾನರೇ ಎಂದು ಕೇಳಿದರೆ ಅರ್ಧ ರೋಗನಿದಾನ ಮುಗಿದ ಹಾಗೆ. ಬೆಂಗಳೂರಿಗೆ ಇಳಿಯುವ ಹೊತ್ತಿಗೆ ಮಚ್ಚೆ ಕರಗಿಹೋಗಿ ಇಲ್ಲಿಯ ಫಿಲ್ಮು ಚೊಕ್ಕಟವಾಗಿ ಬಂದಿರಬಹುದು. ಆಗಂತೂ ಮೇಲಿನ ಫಿಲ್ಮು ಬಿಟ್ಟರೆ ಬೇರೆ ಸಾಕ್ಷಿಯೇ ಇರುವುದಿಲ್ಲ.

ಒಮ್ಮೆ ಹೇಪೋ ಆದವರು ಮತ್ತೆ ಹೋಗಬಹುದೇ ಎಂದು ಕೇಳುತ್ತಾರೆ. ಅಷ್ಟೇ ಅವಸರದಲ್ಲಿ ಏರಿದರೆ ನೂರಕ್ಕೆ ಅರವತ್ತು ಜನರಿಗೆ ಅದು ಮರಳಿ ಬರುತ್ತದೆ. ಹೋಗಲೇಬೇಕೆಂದರೆ ಹೃದಯದ ಎಕೋ ಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಹೇಳಿದ ಮಾತ್ರೆ ಇಟ್ಟುಕೊಂಡು, ದಿನಗಳನ್ನು ಹೆಚ್ಚು ಹಾಕಿಕೊಂಡು ಹೋಗಬೇಕು. ತೀರಾ ತಗ್ಗಿನ ಬೆಟ್ಟದಲ್ಲೇ ಬಂದಿದ್ದರೆ ಹುಟ್ಟಿನಿಂದ ನಾಳದಲ್ಲೋ ಹೃದಯದಲ್ಲೋ ಏನಾದರೂ ಕೊರೆಯಿದೆಯೇ ಎಂದು ಮೊದಲು ನೋಡಿಸಬೇಕು. ಹಳೆಯ ಫಿಲ್ಮನ್ನು ಜತೆಗೊಯ್ದರೆ ಒಳ್ಳೆಯದು. ಆದರೆ ಅದರಲ್ಲಿ ಬಿಳುಪಿದ್ದ ಜಾಗದಲ್ಲೇ ಈ ಸಲವೂ ಬಿಳುಪು ಬರುತ್ತದೆಂದು ಎಣಿಸಬಾರದು. ಒಬ್ಬನಿಗೇ ಎರಡು ಸಲ ಹೇಪೋ ಆದಾಗ ತೆಗೆದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಚ್ಚೆಗಳು ಬೇರೆ ಬೇರೆ ಕಡೆ ಕಂಡಿವೆ.